ಇಳಿತದ ಪುಟ

"ಏಳು," ಎಂದಳು ಟೊಮ್ಕೆ. "ಎಂಟು. ಇನ್ನೂ ಬಿಳೀನೇ ಇದೆ."

ಒಂದು ಕೈಯಲ್ಲಿ ತನ್ನ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಅಪ್ಪನ ಹಳೆಯ ಫೋನು, ಮೂಲೆಯಲ್ಲಿ ಗಾಜು ಬಿರಿದದ್ದು; ಅದರಲ್ಲಿ ಅವಳ ವೆಬ್‌ಸೈಟು ತೆರೆದುಕೊಳ್ಳಬೇಕಿತ್ತು. ಕಡಲ ಒಡ್ಡಿನ ಮೇಲೆ, ಕೆಸರುಬಯಲಿಗೆ ಇಳಿಯುವ ಮೆಟ್ಟಿಲುಗಳು ಶುರುವಾಗುವ ಕಡೆ ಅವಳು ನಿಂತಿದ್ದಳು. ಏಪ್ರಿಲಿನ ಗಾಳಿ ಒಡ್ಡಿನ ಹುಲ್ಲನ್ನೆಲ್ಲ ಒಂದೇ ಕಡೆಗೆ ಬಾಚಿತ್ತು. ಹೊಸದಾಗಿ ಮರಿ ಹಾಕಿದ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಮೇಯುತ್ತಿದ್ದವು. ಮುಂದೆ ನೀರೆಲ್ಲ ಇಳಿದುಹೋಗಿ ಬೂದುಬಣ್ಣದ ಕೆಸರು ಹೊಳೆಯುತ್ತ ಬಿದ್ದಿತ್ತು. ಅದರಾಚೆ ಟಾಡೆನ್ ಹಾಲಿಗ್ ಎಂಬ ಪುಟ್ಟ ದ್ವೀಪದ ನಾಲ್ಕು ಮನೆಗಳು ದಿಬ್ಬದ ಮೇಲೆ ಕುಳಿತ ಹಕ್ಕಿಗಳಂತೆ ಕಾಣುತ್ತಿದ್ದವು.

"ಸಿಗ್ನಲ್ ಎಷ್ಟಿದೆ?" ಬ್ರಾರ್ ಕೇಳಿದ. ಬ್ರಾರ್ ಅವಳ ಚಿಕ್ಕಪ್ಪನ ಮಗ. ಹೂಸುಮ್ ಪಟ್ಟಣದಲ್ಲಿ ಕೂತು ಈ ಕರಾವಳಿಯ ವಸತಿಗೃಹಗಳಿಗೆಲ್ಲ ವೆಬ್‌ಸೈಟು ಮಾಡಿಕೊಡುತ್ತಿದ್ದ.

"ಒಂದು ಗೆರೆ. ಇಲ್ಲಿ ಯಾವತ್ತೂ ಒಂದೇ. ಹತ್ತು. ಹಾ, ಬಂತು."

ಬಂದದ್ದು ಇಳಿತದ ವೇಳೆಯ ಪಟ್ಟಿಯಲ್ಲ. ಪರದೆಯ ತುಂಬ ಒಂದು ಪೆಟ್ಟಿಗೆ ಎದ್ದು ನಿಂತಿತ್ತು. ‘ನಿಮ್ಮ ಖಾಸಗಿತನ ನಮಗೆ ಮುಖ್ಯ’ ಎಂದು ತಲೆಬರಹ. ಅದರ ಕೆಳಗೆ ಯಾರೂ ಓದದ ಹದಿನಾಲ್ಕು ಸಾಲು. ಆಮೇಲೆ ದಪ್ಪನೆಯ ಹಸಿರು ಗುಂಡಿಯಲ್ಲಿ ‘ಎಲ್ಲಕ್ಕೂ ಒಪ್ಪಿಗೆ’, ಪಕ್ಕದಲ್ಲಿ ಮಾಸಿದ ಅಕ್ಷರದಲ್ಲಿ ‘ಆಯ್ಕೆಗಳು’. ಎರಡರಲ್ಲಿ ಒಂದನ್ನು ಒತ್ತುವ ತನಕ ಹಿಂದಿನ ಪಟ್ಟಿ ತೆರೆದುಕೊಳ್ಳುತ್ತಿರಲಿಲ್ಲ.

"ಹತ್ತು ಸೆಕೆಂಡು, ಬರೀ ಪೆಟ್ಟಿಗೆಗೆ," ಎಂದಳು.

"ಟೊಮ್ಕೆ, ಇಡೀ ಚಳಿಗಾಲ ನೀನು ಅಲ್ಲಿ ಹೋಗಿ ನಿಂತ್ಕೊಂಡು ಇದನ್ನೇ ಎಣಿಸ್ತಾ ಇದೀಯ. ಕುರಿಗಳೂ ಎಣಿಸೋದು ಕಲ್ತಿರ್ತಾವೆ. ನಿಂಗೇನಾಗಿದೆ?"

ಅವಳು ಫೋನಿಟ್ಟಳು. ಅಕ್ಟೋಬರಿನಿಂದ ಈಚೆಗೆ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಅಪ್ಪ ಕೇಟೆಲ್ ನಲವತ್ತು ವರ್ಷಗಳಿಂದ ಪ್ರವಾಸಿಗಳನ್ನು ಕೆಸರುಬಯಲಿನಲ್ಲಿ ನಡೆಸಿಕೊಂಡು ಟಾಡೆನ್‌ಗೆ ಕರೆದೊಯ್ಯುವ ಮಾರ್ಗದರ್ಶಿ. ಮನೆಗೆ ಹೊತ್ತುಗೊತ್ತಿಲ್ಲದೆ ಫೋನು ಬರುತ್ತಿತ್ತು: ನೀರು ಎಷ್ಟು ಹೊತ್ತಿಗೆ ಇಳಿಯುತ್ತೆ, ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟರೊಳಗೆ ತಿರುಗಬೇಕು. ಅವನ್ನೆಲ್ಲ ಒಂದು ಪುಟದಲ್ಲಿ ಹಾಕಿಬಿಟ್ಟರೆ ಅಪ್ಪನಿಗೆ ಊಟವಾದರೂ ನೆಮ್ಮದಿಯಿಂದ ಸಿಕ್ಕೀತು ಎಂದು ಟೊಮ್ಕೆ ಇಪ್ಪತ್ತೈದರ ವಯಸ್ಸಿನಲ್ಲಿ ವೆಬ್‌ಸೈಟು ಕಟ್ಟಿದ್ದಳು. ‘ಟಾಡೆನ್ ಇಳಿತ’ ಎಂದು ಹುಡುಕಿದರೆ ಹದಿನೆಂಟು ವರ್ಷ ಅವಳ ಪುಟವೇ ಮೊದಲು ಬರುತ್ತಿತ್ತು. ವರ್ಷಗಳು ಕಳೆದಂತೆ ಅದಕ್ಕೆ ಒಂದೊಂದೇ ಸೇರಿಕೊಂಡವು: ಒಂದು ನಕ್ಷೆ, ಕೋಣೆ ಬಾಡಿಗೆಯ ಜಾಹೀರಾತು, ಎಷ್ಟು ಜನ ಬಂದರು ಎಂದು ಲೆಕ್ಕ ಹೇಳುವ ಎಣಿಕೆ ಯಂತ್ರ, ಬೇರೆ ಕಡೆಯಿಂದ ತಾನಾಗಿ ಬಂದು ಕೂರುವ ಇಳಿತದ ಪಟ್ಟಿ.

ಕಳೆದ ವರ್ಷ ವಸಂತದಲ್ಲಿ ದಕ್ಷಿಣದ ಯಾವುದೋ ಊರಿನ ವಕೀಲರಿಂದ ಒಂದು ಕಾಗದ ಬಂತು. ತಮ್ಮ ಕಕ್ಷಿದಾರರು ಈ ಪುಟ ನೋಡಿದ್ದಾರೆ. ಅವರ ಒಪ್ಪಿಗೆ ಕೇಳದೆಯೇ ಅವರ ವಿವರ ಬೇರೆಯವರ ಕೈ ಸೇರಿದೆ. ಇದು ಕಾನೂನಿಗೆ ವಿರುದ್ಧ. ಟೊಮ್ಕೆ ಆ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಮೂರು ಸಲ ಓದಿದಳು. ಬ್ರಾರ್ ಅಂದೇ ಸಂಜೆ ಬಂದು ಪೆಟ್ಟಿಗೆ ಹಾಕಿಕೊಟ್ಟ. ಸಿದ್ಧವಾಗಿ ಸಿಗುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ ಎಂದ. ಪುಟಕ್ಕೆ ಬಂದವರ ಫೋನಿನಲ್ಲಿ ಗುರುತಿಗಾಗಿ ಬಿಟ್ಟುಹೋಗುವ ಚೂರುಗಳಿಗೆ ಕುಕಿ ಅನ್ನುತ್ತಾರೆ, ಅದಕ್ಕೆ ಒಪ್ಪಿಗೆ ಕೇಳಬೇಕು ಎಂದೂ ವಿವರಿಸಿದ.

"ಕಡಲು ನೋಡೋಕೆ ಬಂದೋರನ್ನ ಬಾಗಿಲಲ್ಲೇ ನಿಲ್ಲಿಸಿ ಬಿಸ್ಕತ್ತು ತಗೊಳ್ತೀರಾ ಅಂತ ಕೇಳೋದಾ?" ಎಂದಿದ್ದ ಕೇಟೆಲ್. ಮೂವರೂ ನಕ್ಕಿದ್ದರು.

ಆ ಬೇಸಿಗೆಯಲ್ಲೇ ಪುಟ ಕೆಳಗಿಳಿಯತೊಡಗಿತು. ಮೊದಲನೆಯ ಸ್ಥಾನದಿಂದ ನಾಲ್ಕಕ್ಕೆ, ನಾಲ್ಕರಿಂದ ಏಳಕ್ಕೆ, ಶರತ್ಕಾಲ ಬರುವಷ್ಟರಲ್ಲಿ ಹನ್ನೊಂದಕ್ಕೆ. ಹನ್ನೊಂದೆಂದರೆ ಹುಡುಕಾಟದ ಎರಡನೆಯ ಹಾಳೆ. ಪೆಟ್ಟಿಗೆಯಿಂದ ಪುಟ ನಿಧಾನವಾಗಿದೆ, ತೆರೆಯುವಾಗ ಸಾಲುಗಳು ಜಿಗಿಯುತ್ತವೆ, ಹುಡುಕುಯಂತ್ರ ಅದನ್ನೂ ಗಮನಿಸುತ್ತದೆ ಎಂದು ಬ್ರಾರ್ ಹೇಳಿದ. ಎಷ್ಟರಮಟ್ಟಿಗೆ ಎಂದು ಕೇಳಿದಾಗ ಹೆಗಲು ಹಾರಿಸಿದ. "ಸ್ವಲ್ಪ ಇರಬಹುದು, ಜಾಸ್ತಿ ಇರಬಹುದು. ಅವರು ಯಾರಿಗೂ ಬಾಯಿಬಿಟ್ಟು ಹೇಳಲ್ಲ." ಚಳಿಗಾಲದಲ್ಲಿ ನೋಡೋಣ ಎಂದು ಇಬ್ಬರೂ ಸುಮ್ಮನಾದರು.

ಅಕ್ಟೋಬರಿನ ಒಂದು ಗುರುವಾರ ಲೋಥರ್ ವೆಸ್ಲಿಂಗ್ ಎಂಬ ಐವತ್ತೆಂಟರ ಮನುಷ್ಯ ಈ ಮೆಟ್ಟಿಲಿಳಿದು ಟಾಡೆನ್ ಕಡೆಗೆ ಒಬ್ಬನೇ ನಡೆದುಹೋದ. ಅಂದು ನೀರು ಇಳಿದು ಮುಗಿದದ್ದು ಹನ್ನೆರಡೂ ಐವತ್ತಕ್ಕೆ. ಅವನು ಹೊರಟದ್ದು ಎರಡು ಗಂಟೆಯ ಸುಮಾರಿಗೆ. ಆ ಹೊತ್ತಿಗೆ ಬಯಲು ನೋಡಲು ಒಣಗಿಯೇ ಇರುತ್ತದೆ. ಆದರೆ ದಾಟಿ ಬಂದ ತೋಡುಗಳು, ಕೆಸರಿನ ನಡುವಿನ ಕಾಲುವೆಗಳು, ಬೆನ್ನ ಹಿಂದೆ ಮೊದಲು ತುಂಬುತ್ತವೆ. ಮುಂದೆ ನಡೆಯುವವನಿಗೆ ಅದು ಕಾಣುವುದಿಲ್ಲ. ಮೂರರ ಹೊತ್ತಿಗೆ ಮಂಜು ಬೇರೆ ಇಳಿಯಿತು. ದೋಣಿ ಬಂತು, ಹೆಲಿಕಾಪ್ಟರ್ ಬಂತು. ಮೂರನೆಯ ದಿನ ಬೆಳಿಗ್ಗೆ, ದೊಡ್ಡ ತೋಡಿನ ತಿರುವಿನಲ್ಲಿ ಕೇಟೆಲ್‌ಗೆ ಅವನು ಸಿಕ್ಕಿದ. ವೇಳೆ ನೋಡಿಕೊಳ್ಳದೆ ಹೋದ ಪ್ರವಾಸಿ ಎಂದು ಪತ್ರಿಕೆ ಬರೆಯಿತು.

ಅದನ್ನು ಓದಿದ ಮೇಲೆ ಟೊಮ್ಕೆ ತನ್ನ ವೆಬ್‌ಸೈಟಿನ ದಾಖಲೆ ತೆರೆದು ನೋಡಿದಳು. ಯಾಕೆ ನೋಡಿದೆನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಆ ಗುರುವಾರ ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಯಾವುದೋ ಫೋನು ಟಾಡೆನ್ ಪುಟ ಕೇಳಿತ್ತು. ಪೆಟ್ಟಿಗೆಯ ಕಡತಗಳು ಒಂದೊಂದಾಗಿ ಹೋಗಿದ್ದವು. ಅವುಗಳ ಕೆಳಗೆ ಇಳಿತದ ಪಟ್ಟಿಯನ್ನು ಕೇಳುವ ಸಾಲು ಬರಬೇಕಿತ್ತು. ಅದು ಇರಲಿಲ್ಲ. ಯಾರೋ ಬಂದಿದ್ದರು, ಬಾಗಿಲಲ್ಲಿ ನಿಂತಿದ್ದರು, ಪಟ್ಟಿ ನೋಡದೆ ಹೊರಟುಹೋಗಿದ್ದರು.

ಅದು ಯಾರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಬಂದವರ ಫೋನಿನ ಇಂಟರ್ನೆಟ್ ವಿಳಾಸದ ಕೊನೆಯ ಅಂಕಿಗಳನ್ನು ಬ್ರಾರ್ ಕಾನೂನಿಗೆ ತಕ್ಕಂತೆ ಅಳಿಸುವ ಹಾಗೆ ಮಾಡಿಟ್ಟಿದ್ದ. ಅಲ್ಲಿ ಒಂದು ಸೊನ್ನೆ ಇತ್ತು. ಹ್ಯಾಂಬರ್ಗಿನ ಕಚೇರಿಯಲ್ಲಿ ಬೇಸರಕ್ಕೆ ನೋಡಿದವರಿರಬಹುದು, ಬರುವ ವರ್ಷದ ರಜೆಗೆ ಯೋಚಿಸುತ್ತಿದ್ದವರಿರಬಹುದು. ಹಾಗೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಪಾತ್ರೆ ತೊಳೆಯುವಾಗ, ಗಾಡಿ ಓಡಿಸುವಾಗ, ಮನೆಯ ಬಾಡಿಗೆ ಕೋಣೆಗಳಲ್ಲಿ ಅತಿಥಿಗಳ ಹಾಸಿಗೆ ಬದಲಿಸುವಾಗ ಆ ಸೊನ್ನೆ ಎದುರಿಗೆ ಬಂದು ನಿಲ್ಲುತ್ತಿತ್ತು. ಕೆಲವೊಮ್ಮೆ ಅದಕ್ಕೆ ಬೆನ್ನೂ, ಮಳೆಯಂಗಿಯೂ ಇರುತ್ತಿದ್ದವು.

ಗುಡ್ರುನ್ ವೆಸ್ಲಿಂಗ್ ಬಂದದ್ದು ಏಪ್ರಿಲ್ ಕೊನೆಯ ವಾರ. ಅರವತ್ತು ದಾಟಿದ ಹೆಂಗಸು; ಎಡಗೈಯಲ್ಲಿ ಊರುಗೋಲು, ಕುತ್ತಿಗೆಯ ತನಕ ಗುಂಡಿ ಹಾಕಿದ ನೀಲಿ ಕೋಟು. ತಮ್ಮನನ್ನು ಹುಡುಕಿ ತಂದವರನ್ನು ನೋಡಬೇಕಿತ್ತು ಎಂದರು. ಕೇಟೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಕೂತ. ಟೊಮ್ಕೆ ಚಹಾ ತಂದಳು. ಬಟ್ಟಲಿನಲ್ಲಿ ಕಲ್ಲುಸಕ್ಕರೆ ಚಿಟಪಟ ಬಿರಿಯಿತು.

"ಅವನ ಮುಖ ಹೇಗಿತ್ತು?" ಗುಡ್ರುನ್ ಕೇಳಿದರು. "ನಂಗೆ ನೋಡೋಕೆ ಬಿಡಲಿಲ್ಲ."

"ಮಲಗಿದ ಹಾಗಿತ್ತು," ಎಂದ ಕೇಟೆಲ್.

ಅದು ಸುಳ್ಳೆಂದು ಟೊಮ್ಕೆಗೆ ಗೊತ್ತಿತ್ತು. ಆ ಬೆಳಿಗ್ಗೆ ಅಪ್ಪ ಮನೆಗೆ ಬಂದು ಬೂಟು ಕಳಚದೆ ಎರಡು ಗಂಟೆ ಕೂತಿದ್ದ. ಗುಡ್ರುನ್‌ಗೂ ಗೊತ್ತಿದ್ದೀತು. ಅವರು ತಲೆಯಾಡಿಸಿ ಚಹಾ ಕುಡಿದರು.

ಮಧ್ಯಾಹ್ನ ಮೂವರೂ ಒಡ್ಡಿನ ಮೇಲೆ ಹೋದರು. ಮೊಣಕಾಲು ಬಗ್ಗದಿದ್ದರಿಂದ ಗುಡ್ರುನ್ ಕೆಳಗಿಳಿಯಲಿಲ್ಲ. ಕೇಟೆಲ್ ಕೋಲೆತ್ತಿ ದೂರದ ತಿರುವನ್ನು ತೋರಿಸಿದ. ನಂತರ, ಶಾಲೆಯ ಮಕ್ಕಳ ಗುಂಪೊಂದು ಕಾಯುತ್ತಿದೆ ಎಂದು ಹೇಳಿ ಹೊರಟ. ಹೋಗುವಾಗ ಅವರ ಹೆಗಲನ್ನು ಒಮ್ಮೆ ಮುಟ್ಟಿದ. ಇಬ್ಬರು ಹೆಂಗಸರು ಬೆಂಚಿನ ಮೇಲೆ ಕೂತರು.

"ನಾನು ಅಲ್ಲಿ ಕೆಳಗೆ ಕಾರಲ್ಲಿ ಪದಬಂಧ ಬಿಡಿಸ್ತಾ ಕೂತಿದ್ದೆ," ಗುಡ್ರುನ್ ಹೇಳಿದರು. "ಅವನು ಚರ್ಚಿನಲ್ಲಿ ಆರ್ಗನ್ ವಾದ್ಯ ರಿಪೇರಿ ಮಾಡೋನು. ವರ್ಷವೆಲ್ಲಾ ಕೊಳವೆಗಳೊಳಗೆ ತಲೆ ತೂರಿಸ್ಕೊಂಡೇ ಇರ್ತಿದ್ದ. ಒಂದು ಸಲ ಬಯಲಲ್ಲಿ ನಡೀಬೇಕು ಅಂತ ಆಸೆ. ಹೋಗಿ ಬಾರೋ, ನನ್ನ ಕಾಲಿಗೋಸ್ಕರ ನೀನ್ಯಾಕೆ ಕೂತ್ಕೋತೀಯ ಅಂತ ನಾನೇ ದಬ್ಬಿದ್ದು."

ಟೊಮ್ಕೆ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡಳು.

"ಪತ್ರಿಕೆಯವರು ಬರೆದ ಹಾಗಲ್ಲ. ಅವನು ವೇಳೆ ನೋಡಿದ್ದ. ಕಾರಿನ ಬಾಗಿಲ ಹತ್ರ ನಿಂತ್ಕೊಂಡೇ ಫೋನಲ್ಲಿ ನೋಡಿದ್ದು. ಎಷ್ಟೋ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು. ‘ನೋಡು ಗುಡ್ರುನ್, ಕಡಲಿಗೆ ಹೋಗೋಕೂ ನನ್ನ ಒಪ್ಪಿಗೆ ಬೇಕಂತೆ’ ಅಂತ ನಕ್ಕ. ಅದನ್ನ ಮುಚ್ಚಿ ಇನ್ನೊಂದು ಪುಟ ತೆಗೆದ. ಅದು ತಕ್ಷಣ ಬಂತು. ನಾಲ್ಕೂವರೆ ತನಕ ಹೊತ್ತಿದೆ ಅಂದ." ಅವರು ಊರುಗೋಲಿನ ತುದಿಯಿಂದ ಹುಲ್ಲನ್ನು ಕೆದಕಿದರು. "ಅದು ಉತ್ತರದ ಯಾವುದೋ ದೊಡ್ಡ ಬಂದರಿನ ವೇಳೆ ಅಂತ ಆಮೇಲೆ ಪೊಲೀಸರು ಹೇಳಿದ್ರು. ಅಲ್ಲಿಗೆ ಅದು ಸರಿಯೇ ಇತ್ತಂತೆ."

ಮಕ್ಕಳ ಗುಂಪು ಮೆಟ್ಟಿಲಿಳಿದು ಕೇಟೆಲ್‌ನ ಹಿಂದೆ ಸಾಲಾಗಿ ಹೋಗುತ್ತಿತ್ತು. ಅವರ ಕೂಗು ಗಾಳಿಯಲ್ಲಿ ಬಂದು ಬಂದು ನಿಲ್ಲುತ್ತಿತ್ತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಟೊಮ್ಕೆಗೆ ಅನಿಸಿತು.

"ಆ ಮೊದಲನೇದು ನಂದು ಇರಬಹುದು," ಎಂದಳು.

"ಯಾವುದು?"

"ಮುಚ್ಚಿದ ಪುಟ. ಟಾಡೆನ್ ವೇಳೆ ಹಾಕೋಳು ನಾನು. ಆ ಪೆಟ್ಟಿಗೆ ಹಾಕ್ಸಿದ್ದೂ ನಾನೇ."

ಅವಳು ಎಲ್ಲವನ್ನೂ ಹೇಳಿದಳು. ವಕೀಲರ ಕಾಗದ, ಹನ್ನೊಂದಕ್ಕೆ ಇಳಿದದ್ದು, ಒಂದು ಗಂಟೆ ನಲವತ್ತೆರಡು ನಿಮಿಷ, ಬರಬೇಕಿದ್ದ ಸಾಲು ಬರದೇ ಇದ್ದದ್ದು. ಹೇಳುತ್ತಾ ಹೋದಂತೆ ಅದೆಲ್ಲ ಎಷ್ಟು ಸಣ್ಣದಾಗಿ ಕೇಳಿಸುತ್ತಿದೆ ಎಂದು ಅವಳಿಗೇ ನಾಚಿಕೆಯಾಯಿತು.

"ತೋರಿಸಿ," ಎಂದರು ಗುಡ್ರುನ್ ಕೊನೆಗೆ.

ಟೊಮ್ಕೆ ಕೋಟಿನ ಜೇಬಿನಿಂದ ಅಪ್ಪನ ಫೋನು ತೆಗೆದು ಪುಟದ ಹೆಸರು ಒತ್ತಿ ಅವರ ಕೈಗೆ ಕೊಟ್ಟಳು. ಇಬ್ಬರೂ ಬಿಳಿಯ ಪರದೆಯನ್ನು ನೋಡುತ್ತ ಕೂತರು. ಇಂದು ಅವಳು ಎಣಿಸಲಿಲ್ಲ. ಒಂದು ಕಡಲಹಕ್ಕಿ ಬಂದು ಬೇಲಿಯ ಗೂಟದ ಮೇಲೆ ಕೂತು, ಅವರನ್ನು ನೋಡಿ ಹಾರಿಹೋಯಿತು. ಆಮೇಲೆ ಪೆಟ್ಟಿಗೆ ಬಂತು.

ಗುಡ್ರುನ್ ಕನ್ನಡಕ ಹಣೆಗೇರಿಸಿ ಹದಿನಾಲ್ಕು ಸಾಲನ್ನೂ ಓದಿದರು. ಅದನ್ನು ಪೂರ್ತಿ ಓದಿದವರನ್ನು ಟೊಮ್ಕೆ ನೋಡಿದ್ದು ಅದೇ ಮೊದಲು. ಆಮೇಲೆ ಅವರು ಹೆಬ್ಬೆರಳಿನಿಂದ ಹಸಿರು ಗುಂಡಿ ಒತ್ತಿದರು. ಪಟ್ಟಿ ತೆರೆದುಕೊಂಡಿತು.

"ಇಳಿತ ಎರಡು ಹತ್ತು," ಎಂದು ಓದಿದರು. "ಹಿಂತಿರುಗಲು ಕೊನೆಯ ಹೊತ್ತೂ ಅದೇ, ಎರಡು ಹತ್ತು."

"ಇದೇನಾ?" ಟೊಮ್ಕೆ ಕೇಳಿದಳು. "ಅವತ್ತು ನೋಡಿದ್ದು ಇದೇನಾ?"

"ಗೊತ್ತಿಲ್ಲ. ಎಲ್ಲಾ ಒಂದೇ ಥರ ಇರ್ತವಲ್ಲ."

ಅವರು ಫೋನು ಹಿಂದಕ್ಕೆ ಕೊಟ್ಟರು. ಅವರ ಮುಖ ಗಡುಸಾಗತೊಡಗಿದ್ದು ಕಾಣುತ್ತಿತ್ತು.

"ಇದನ್ನ ನಂಗ್ಯಾಕೆ ಹೇಳಿದ್ರಿ?"

"ನಿಮಗೆ ತಿಳೀಲಿ ಅಂತ. ನಿಮ್ಮ ತಪ್ಪೇನೂ ಇಲ್ಲ ಅಂತ."

"ನನ್ನ ತಪ್ಪು ಇದೆಯೋ ಇಲ್ಲವೋ ನಾನು ನಿಮ್ಮನ್ನ ಕೇಳಿದ್ನಾ?" ದನಿ ಏರಲಿಲ್ಲ. "ಆರು ತಿಂಗಳಿಂದ ಅದನ್ನ ಇಟ್ಕೊಂಡು ಬದುಕ್ತಾ ಇದೀನಿ. ಬೆಳಿಗ್ಗೆ ಎದ್ರೆ ಅದರ ಜೊತೆಗೇ ಏಳ್ತೀನಿ. ಹೋಗಿ ಬಾ ಅಂದೋಳು ನಾನು. ಅವನು ನಂಗೆ ಕೊಟ್ಟು ಹೋಗಿದ್ದು ಅಂತ ಉಳಿದಿರೋದು ಅದೊಂದೇ. ಈಗ ನೀವು ಬಂದು ಅದರಲ್ಲೂ ಪಾಲು ಕೇಳ್ತಿದೀರಾ?"

ಗುಡ್ರುನ್ ಊರುಗೋಲೂರಿ ಎದ್ದರು. ಒಡ್ಡಿನ ಇಳಿಜಾರಿನಲ್ಲಿ ಅಡ್ಡಡ್ಡವಾಗಿ, ಒಂದೊಂದೇ ಹೆಜ್ಜೆ ಇಡುತ್ತ ಇಳಿದರು. ಟೊಮ್ಕೆ ಕೈ ಕೊಡಲು ಹೋದಾಗ ಬೇಡವೆಂದು ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಕೇಟೆಲ್ ಬ್ರೆಡ್ಡು ತರಲು ಹೋಗುವಷ್ಟರಲ್ಲಿ ಅವರು ಇಳಿದುಕೊಂಡಿದ್ದ ವಸತಿಗೃಹದ ಮುಂದೆ ಅವರ ಕಾರು ಇರಲಿಲ್ಲ.

ಅದೇ ದಿನ ಟೊಮ್ಕೆ ಬ್ರಾರ್‌ನನ್ನು ಕರೆಸಿದಳು.

"ಪೆಟ್ಟಿಗೆ ತೆಗಿ."

"ತೆಗೆದ್ರೆ ಮತ್ತೆ ಆ ವಕೀಲ ಬರ್ತಾನೆ ಕಣೆ. ಬೇಕಾದ್ರೆ ಹಗುರದ್ದು ಒಂದು ಹಾಕ್ತೀನಿ. ಪರದೆ ತುಂಬಾ ಬರದೆ ಕೆಳಗಡೆ ಸಣ್ಣದಾಗಿ ಬರೋ ಥರ."

"ಕೇಳೋ ಅವಶ್ಯಕತೆಯೇ ಇಲ್ಲದ ಹಾಗೆ ಮಾಡೋಕೆ ಬರುತ್ತಾ?"

ಬ್ರಾರ್ ತಲೆ ಕೆರೆದುಕೊಂಡ. "ಬರುತ್ತೆ. ಬಂದೋರಿಂದ ಏನೂ ತಗೊಳ್ಳದೆ ಇದ್ರೆ ಏನೂ ಕೇಳಬೇಕಾಗಿಲ್ಲ. ನಕ್ಷೆ ಹೋಗಬೇಕು, ಜಾಹೀರಾತು ಹೋಗಬೇಕು. ಎಣಿಕೆ ಹೋಗಬೇಕು. ಇಳಿತದ ಪಟ್ಟಿ ಬೇರೆ ಕಡೆಯಿಂದ ಬರೋ ಹಾಗಿಲ್ಲ, ನೀನೇ ಕೈಯಲ್ಲಿ ಬರೀಬೇಕು. ಎಷ್ಟು ಜನ ಬಂದ್ರು, ಎಲ್ಲಿಂದ ಬಂದ್ರು, ಏನೂ ತಿಳಿಯಲ್ಲ."

"ಇದನ್ನ ಆವಾಗ್ಲೇ ಯಾಕೆ ಹೇಳಲಿಲ್ಲ ನೀನು?"

"ನೀನು ಕೇಳಲಿಲ್ಲ. ಆ ಕಾಗದ ನೋಡಿ ನೀನು ಹೆದರಿದ್ದೆ. ನಾನೂ ಹೆದರಿದ್ದೆ." ಅವನು ನಗುತ್ತಲೇ ಕಂಪ್ಯೂಟರಿನ ಮುಂದೆ ಕೂತ. ಹಳೆಯ ದಾಖಲೆಗಳ ನಡುವೆ ಅಕ್ಟೋಬರಿನ ಒಂದೇ ಒಂದು ದಿನದ ಕಡತ ಬೇರೆಯಾಗಿ ಎತ್ತಿಟ್ಟಿರುವುದು ಕಣ್ಣಿಗೆ ಬಿತ್ತು. ತೆರೆದ. ಓದಿದ. ಅವನ ನಗು ಹೋಯಿತು.

"ಅದಕ್ಕೇನಾ ಎಣಿಸ್ತಿದ್ದದ್ದು?"

ಅವಳು ಕಿಟಕಿಯ ಕಡೆಗೆ ತಿರುಗಿದಳು.

"ಆ ಪೆಟ್ಟಿಗೆ ಹಾಕಿದ್ದು ನಾನು, ಟೊಮ್ಕೆ."

"ಹೇಳಬೇಡ," ಎಂದಳು ಅವಳು. "ದಯವಿಟ್ಟು ನೀನೂ ಹೇಳಬೇಡ."

ಬ್ರಾರ್ ಕೆಲಸಕ್ಕೆ ತೊಡಗಿದ. ಒಂದೊಂದನ್ನೇ ಕಿತ್ತ. ಇಷ್ಟು ಹಳೆಯ ದಾಖಲೆ ಇಟ್ಟುಕೊಳ್ಳುವುದೂ ಕಾನೂನಿಗೆ ತಪ್ಪು, ಅಳಿಸಲೇ ಎಂದು ಕೇಳಿದ. ಅಳಿಸು ಎಂದಳು. ಅಳಿಸಿದ. ಅವಳಿಗೆ ಅದು ಬಾಯಿಪಾಠವಾಗಿತ್ತು.

ಅಂದಿನಿಂದ ಪ್ರತಿ ಭಾನುವಾರ ಕೇಟೆಲ್ ಸರ್ಕಾರದ ಪುಸ್ತಕ ನೋಡಿ ವಾರದ ವೇಳೆಗಳನ್ನು ಹೇಳುತ್ತಿದ್ದ, ಅವಳು ಬೆರಳಚ್ಚಿಸುತ್ತಿದ್ದಳು. ಒಂದೊಂದು ಅಂಕಿಯನ್ನೂ ಎರಡು ಸಲ ಓದಿಸುತ್ತಿದ್ದಳು. "ಮೂರು ಇಪ್ಪತ್ತಾರು ಅಂದೆನಮ್ಮಾ, ನನ್ನ ಹಲ್ಲು ಹೋಗಿರಬಹುದು, ಕಣ್ಣು ಇನ್ನೂ ಇದೆ," ಎಂದು ಅವನು ಗೊಣಗುತ್ತಿದ್ದ. ಪುಟದಲ್ಲಿ ಈಗ ಚಿತ್ರವೂ ಇರಲಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ: ದಿನ, ಇಳಿತದ ಹೊತ್ತು, ಹಿಂತಿರುಗುವ ಹೊತ್ತು. ಅದರ ಕೆಳಗೆ, ಒಬ್ಬರೇ ಹೋಗಬೇಡಿ ಎಂದು ಒಂದು ಸಾಲು, ಕೇಟೆಲ್‌ನ ಫೋನ್ ನಂಬರು.

ಜುಲೈ ಹೊತ್ತಿಗೆ ಪುಟ ಐದಕ್ಕೆ ಬಂತು. ಆಗಸ್ಟಿನಲ್ಲಿ ಬ್ರಾರ್ ಫೋನ್ ಮಾಡಿ, ಮತ್ತೆ ಮೊದಲನೆಯದಾಗಿದೆ ಎಂದ.

"ಬೇಗ ತೆರೀತು ಅಂತಲೇ ಬಂದಿದ್ದಾ?"

"ಅದೂ ಇರಬಹುದು. ಇನ್ನೂ ನೂರು ಇರ್ತವೆ. ಯಾವುದು ಅಂತ ಯಾರು ಹೇಳ್ತಾರೆ." ಆಮೇಲೆ ಕೇಳಿದ, "ಸಂತೋಷ ಇಲ್ವಾ?"

"ಇದೆ," ಎಂದಳು.

ಆ ವಾರದ ಒಂದು ಮಧ್ಯಾಹ್ನ ಅವಳು ಅಟ್ಟದ ಕೋಣೆಯಲ್ಲಿ ಅತಿಥಿಗಳ ಹಾಸುಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅಟ್ಟದ ಕಿಟಕಿಯೊಂದರಿಂದ ಮಾತ್ರ ಒಡ್ಡಿನ ಆಚೆ ಕಾಣುತ್ತಿತ್ತು. ಒಬ್ಬ ಮನುಷ್ಯ ಕಾರು ನಿಲ್ಲಿಸಿ ಒಡ್ಡು ಹತ್ತಿದ. ನಡುವಯಸ್ಸಿನವನು, ತಲೆಗೆ ಬಿಳಿ ಟೋಪಿ. ಮೇಲೆ ನಿಂತು ಫೋನು ನೋಡಿದ, ಒಂದೇ ಕ್ಷಣ. ಜೇಬಿಗೆ ಹಾಕಿದ. ಬೂಟು ಬಿಚ್ಚಿ, ಎರಡರ ಲಾಡಿಗಳನ್ನೂ ಗಂಟು ಹಾಕಿ ಹೆಗಲಿಗೆ ನೇತುಹಾಕಿಕೊಂಡು ಕೆಳಗಿಳಿದ.

ನೀರು ಇನ್ನೂ ಇಳಿಯುತ್ತಲೇ ಇತ್ತು. ಇಳಿದು ಮುಗಿಯಲು ಒಂದೂವರೆ ಗಂಟೆ ಬಾಕಿ. ಆಕಾಶ ತೊಳೆದಿಟ್ಟಂತೆ ಇತ್ತು, ಗಾಳಿ ಪೂರ್ವದ್ದು, ಮಂಜಿನ ಸುಳಿವಿಲ್ಲ. ಅವನಿಗೆ ಬೇಕಾದಷ್ಟು ಹೊತ್ತಿದೆ ಎಂದು ಟೊಮ್ಕೆಗೆ ಚೆನ್ನಾಗಿ ಗೊತ್ತಿತ್ತು. ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಕಿಟಕಿಯ ಬಳಿ ನಿಂತಳು.

ಅವನು ಬೆರಳಷ್ಟಾದ, ಉಗುರಷ್ಟಾದ. ಆಮೇಲೆ ಮಿನುಗುವ ಕೆಸರಿನಲ್ಲಿ ಒಂದು ಕಪ್ಪು ಚುಕ್ಕೆ. ಚುಕ್ಕೆ ಬಹಳ ಹೊತ್ತು ಒಂದೇ ಕಡೆ ನಿಂತಿತು. ಕೆಳಗಿನಿಂದ ಕೇಟೆಲ್ ಊಟಕ್ಕೆ ಕರೆದ, ಇನ್ನೊಮ್ಮೆ ಕರೆದ, ಆಮೇಲೆ ತಟ್ಟೆ ಇಡುವ ಸದ್ದಾಯಿತು. ಹಾಸುಬಟ್ಟೆ ಅರ್ಧ ಮಡಿಚಿದಂತೆಯೇ ಇತ್ತು. ಚುಕ್ಕೆಗೆ ಮೆಲ್ಲಗೆ ತೋಳು ಬಂದವು, ಕಾಲು ಬಂದವು, ಬಿಳಿ ಟೋಪಿ ಬಂತು.

ಆ ಮನುಷ್ಯ ಒಡ್ಡು ದಾಟಿ ಕಾರಿನ ಬಳಿ ಬಂದ. ಹಿಂದಿನ ಬಾಗಿಲೆತ್ತಿ ಅಂಚಿನಲ್ಲಿ ಕೂತ. ಒಂದು ಹಳೆಯ ಟವೆಲ್ಲು ತೆಗೆದು, ಕಾಲನ್ನು ಮಂಡಿಯ ಮೇಲೆ ಇಟ್ಟುಕೊಂಡು, ಬೆರಳುಗಳ ಸಂದಿಯ ಕೆಸರನ್ನು ಒಂದೊಂದಾಗಿ, ಏನೂ ಅವಸರವಿಲ್ಲದೆ ಒರೆಸಿಕೊಳ್ಳತೊಡಗಿದ.